ಸ್ಕ್ಯಾನ್ ನಾರ್ಮಲ್, ಹುಡುಗ ಮಾತ್ರ ಮಂಕು

ಈ ಸಲ ಬಂದ ಪತ್ರಗಳನ್ನು ಬಿಡಿಸಿ ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅರ್ಧಕ್ಕಿಂತ ಜಾಸ್ತಿ ಪತ್ರಗಳು ತಲೆಗೆ ಪೆಟ್ಟು ಬಿದ್ದವರದ್ದು. ಶಾಲಾ ಕ್ರೀಡಾಕೂಟಗಳು ನಡೆಯುತ್ತಿವೆ, ಮಳೆಗೆ ರಸ್ತೆ ಜಾರುತ್ತಿದೆ, ಅದಕ್ಕೇ ಇರಬೇಕು. ಥೈರಾಯ್ಡ್, ಸಕ್ಕರೆ ಕಾಯಿಲೆ ಬಗ್ಗೆ ಕೇಳಿದವರು ಬೇಸರ ಮಾಡಿಕೊಳ್ಳಬೇಡಿ, ನಿಮಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ. ಈ ಸಲದ ಪುಟಗಳು ಪೂರ್ತಿ ತಲೆಪೆಟ್ಟಿಗೇ ಇರಲಿ.

ಪ್ರಶ್ನೆ: ಡಾಕ್ಟ್ರೇ, ನನ್ನ ಮಗ ಹತ್ತನೇ ಕ್ಲಾಸು. ಕಬಡ್ಡಿಯಲ್ಲಿ ಕಾರ್ನರ್ ಆಡ್ತಾನೆ. ಒಂಬತ್ತು ದಿನದ ಹಿಂದೆ ತಾಲ್ಲೂಕು ಪಂದ್ಯದಲ್ಲಿ ರೈಡರ್ ಕಾಲು ಹಿಡಿಯೋಕೆ ಹೋದಾಗ ಅವನ ಮಂಡಿ ಇವನ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಪ್ರಜ್ಞೆ ತಪ್ಪಲಿಲ್ಲ. ಐದು ನಿಮಿಷ ಹೊರಗೆ ಕೂತು, ತಲೆಗೆ ನೀರು ಹಾಕಿಕೊಂಡು ಮತ್ತೆ ಆಡಿದ. ಸಂಜೆ ಮನೆಗೆ ಬಂದವನು "ನಾವು ಗೆದ್ವಾ?" ಅಂತ ಮೂರು ಸಲ ಕೇಳಿದ. ಮಾರನೇ ದಿನ ಸ್ಕ್ಯಾನ್ ಮಾಡಿಸಿದೆವು, ನಾರ್ಮಲ್ ಅಂದರು. ಆದರೆ ಇವತ್ತಿಗೂ ತಲೆನೋವು. ಟ್ಯೂಬ್‌ಲೈಟ್ ಹಾಕಿದರೆ ಕಣ್ಣು ಮುಚ್ಚಿಕೊಳ್ತಾನೆ. ಓದಿದ ಪುಟವನ್ನೇ ಮತ್ತೆ ಓದ್ತಾನೆ. ತಂಗಿ ಮೇಲೆ ಸುಮ್ನೆ ರೇಗ್ತಾನೆ. ಶಾಲೆಯಲ್ಲಿ ನೆಪ ಅಂತಾರೆ. ಮುಂದಿನ ವಾರ ಜಿಲ್ಲಾ ಮಟ್ಟದ ಪಂದ್ಯ. ಅವರಪ್ಪನಿಗೂ ಆಡಲಿ ಅಂತಲೇ ಆಸೆ. ಏನು ಮಾಡಲಿ?
— ಒಬ್ಬ ತಾಯಿ, ಚನ್ನರಾಯಪಟ್ಟಣ

ಉತ್ತರ: ಮುಂದಿನ ವಾರ ಅವನು ಆಡುವುದು ಬೇಡ. ಇದನ್ನು ಮೊದಲು ಹೇಳಿಬಿಡುತ್ತೇನೆ ತಾಯಿ. ಅವರಪ್ಪನಿಗೂ ಇಷ್ಟು ಭಾಗ ಓದಿ ಹೇಳಿ.

ನಿಮ್ಮ ಮಗನಿಗೆ ಆಗಿರುವುದಕ್ಕೆ ನಮ್ಮಲ್ಲಿ ಕನ್‌ಕಷನ್ ಅಂತೀವಿ. ತಲೆಗೆ ಬಿದ್ದ ಹೊಡೆತಕ್ಕೆ ಮಿದುಳು ಒಳಗೇ ಅಲುಗಾಡಿ, ಸ್ವಲ್ಪ ದಿನ ಅದರ ಕೆಲಸ ಏರುಪೇರಾಗುವುದು. ನಮ್ಮ ತಿಪಟೂರು ಕಡೆ ಅಟ್ಟದ ಮೇಲೆ ಹಾಕಿದ ಕಾಯಿ ಕೊಬ್ಬರಿ ಆಗಿದೆಯಾ ಅಂತ ನೋಡೋಕೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗೆ ಗಿಟುಕು ಲೊಡಲೊಡ ಅಂದರೆ ಆಗಿದೆ ಅಂತ ಅರ್ಥ. ಚಿಪ್ಪಿಗೆ ಏನೂ ಆಗಿರುವುದಿಲ್ಲ, ಒಳಗಿನದು ಮಾತ್ರ ಅಲ್ಲಾಡುತ್ತದೆ. ಮಿದುಳು ಕೊಬ್ಬರಿಯಷ್ಟು ಗಟ್ಟಿ ಇಲ್ಲ, ಮೆತ್ತಗಿನ ವಸ್ತು, ನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ಓಡುತ್ತಿರುವ ತಲೆ ಥಟ್ಟನೆ ನಿಂತರೆ ಅಥವಾ ಗಿರ್ರನೆ ತಿರುಗಿದರೆ ಒಳಗಿನ ಮಿದುಳು ಹಿಗ್ಗುತ್ತದೆ, ತಿರುಚುತ್ತದೆ. ತಲೆಗೇ ಹೊಡೆತ ಬೀಳಬೇಕು ಅಂತಲೂ ಇಲ್ಲ. ಎದೆಗೆ ಜೋರಾಗಿ ಡ್ಯಾಶ್ ಕೊಟ್ಟು ಕತ್ತು ಹಿಂದಕ್ಕೆ ಝಾಡಿಸಿದರೂ ಆಗಬಹುದು.

ಹಾಗಾದರೆ ಸ್ಕ್ಯಾನ್‌ನಲ್ಲಿ ಯಾಕೆ ಕಾಣಲಿಲ್ಲ? ಸಿ.ಟಿ. ಸ್ಕ್ಯಾನ್ ತೋರಿಸುವುದು ರಕ್ತ ಸೋರಿದೆಯಾ, ಮೂಳೆ ಬಿರುಕು ಬಿಟ್ಟಿದೆಯಾ, ಊತ ಇದೆಯಾ ಅಂತ. ಅವು ಇಲ್ಲ ಅನ್ನುವುದು ದೊಡ್ಡ ಸಮಾಧಾನ. ನೀವು ಮಾಡಿಸಿದ್ದು ಒಳ್ಳೆಯದೇ ಆಯಿತು. ಆದರೆ ಕನ್‌ಕಷನ್ ಆದ ಮಿದುಳಿನಲ್ಲಿ ತೊಂದರೆ ಇರುವುದು ಜೀವಕೋಶಗಳ ಮಟ್ಟದಲ್ಲಿ. ಹೊಡೆತ ಬಿದ್ದ ತಕ್ಷಣ ಕೋಶದೊಳಗಿನ ಪೊಟ್ಯಾಸಿಯಂ ಹೊರಗೆ ನುಗ್ಗುತ್ತದೆ, ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದನ್ನೆಲ್ಲ ಮತ್ತೆ ಸರಿಯಾದ ಜಾಗಕ್ಕೆ ತಳ್ಳಲು ತುಂಬಾ ಶಕ್ತಿ ಬೇಕು. ಅದೇ ಹೊತ್ತಿಗೆ ಮಿದುಳಿಗೆ ರಕ್ತದ ಪೂರೈಕೆ ಕಮ್ಮಿಯಾಗಿರುತ್ತದೆ. ಸಂಜೆ ಹೊತ್ತು ವೋಲ್ಟೇಜ್ ಇಳಿದ ಮನೆಯನ್ನು ನೆನಪಿಸಿಕೊಳ್ಳಿ. ಬಲ್ಬು ಮಂಕಾಗಿ ಉರಿಯುತ್ತಿರುತ್ತದೆ, ಆದರೆ ಮಿಕ್ಸಿ ಹಾಕಿದರೆ ತಿರುಗುವುದಿಲ್ಲ. ವೈರಿಂಗ್ ಪೂರ್ತಿ ನೋಡಿದರೂ ಎಲ್ಲೂ ಸುಟ್ಟಿರುವುದಿಲ್ಲ. ನಿಮ್ಮ ಮಗ ನಡೆಯುತ್ತಾನೆ, ಮಾತಾಡುತ್ತಾನೆ, ಊಟ ಮಾಡುತ್ತಾನೆ. ಗಣಿತದ ಲೆಕ್ಕ ಕೊಟ್ಟರೆ ಮಾತ್ರ ಆಗುವುದಿಲ್ಲ. ಇದು ನೆಪ ಅಲ್ಲ.

ಪ್ರಜ್ಞೆ ತಪ್ಪಲಿಲ್ಲವಲ್ಲ ಅಂತ ಎಲ್ಲರೂ ಕೇಳುತ್ತಾರೆ. ಕನ್‌ಕಷನ್ ಆದವರಲ್ಲಿ ಬಹುಪಾಲು ಜನರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. "ನಾವು ಗೆದ್ವಾ?" ಅಂತ ಮೂರು ಸಲ ಕೇಳಿದ ಅಂದಿರಲ್ಲ, ನಿಮ್ಮ ಪತ್ರದಲ್ಲಿ ನಾನು ಪೆನ್ನಿನಲ್ಲಿ ಗೆರೆ ಎಳೆದಿದ್ದು ಆ ಮಾತಿಗೆ. ಕೇಳಿದ್ದನ್ನೇ ಕೇಳುವುದು ಅಂದರೆ ಹೊಸ ನೆನಪು ಒಳಗೆ ನಿಲ್ಲುತ್ತಿಲ್ಲ ಅಂತ.

ನನಗೂ ಆಗಿದೆ. 1984ರಲ್ಲಿ ಪಿಯುಸಿ ಓದುವಾಗ ನಾನು ಕಾಲೇಜಿನ ಖೋ ಖೋ ತಂಡದಲ್ಲಿದ್ದೆ. ಒಂದು ಪಂದ್ಯದಲ್ಲಿ ಕಂಬ ಹಿಡಿದು ತಿರುಗುವಾಗ ಹಣೆ ಕಂಬಕ್ಕೆ ಬಡಿಯಿತು. ಎದ್ದೆ, ಹಣೆ ಉಜ್ಜಿಕೊಂಡೆ, ಹೋಗಿ ಚೌಕದಲ್ಲಿ ಕೂತೆ. ಖೋ ಖೋದಲ್ಲಿ ಅಕ್ಕಪಕ್ಕದವರು ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂರಬೇಕು ಅಲ್ವಾ? ನಾನು ಪಕ್ಕದವಳು ಕೂತ ದಿಕ್ಕಿಗೇ ಮುಖ ಮಾಡಿ ಕೂತಿದ್ದೆ. ಆರು ವರ್ಷದಿಂದ ಆಡುತ್ತಿದ್ದ ಆಟ ಅದು. ಗೆಳತಿ ಭುಜ ಹಿಡಿದು ತಿರುಗಿಸಿ ಕೂರಿಸಿದಳಂತೆ. ಇದನ್ನೆಲ್ಲ ಅವಳು ಆಮೇಲೆ ಹೇಳಿದ್ದು, ನನಗೆ ಇವತ್ತಿಗೂ ಆ ಮಧ್ಯಾಹ್ನ ನೆನಪಿಲ್ಲ. ಆಮೇಲೆ ಮೂರು ವಾರ ಪುಸ್ತಕ ತೆರೆದರೆ ಅಕ್ಷರ ಈಜಾಡುತ್ತಿದ್ದವು. ಆ ಕಿರುಪರೀಕ್ಷೆಯಲ್ಲಿ ರಸಾಯನಶಾಸ್ತ್ರ ಫೇಲಾದೆ. ಸೋಮಾರಿ ಅಂತ ಅನ್ನಿಸಿಕೊಂಡೆ. ಹೀಗಾಗುವುದಕ್ಕೆ ಒಂದು ಹೆಸರಿದೆ ಅಂತ ತಿಳಿದದ್ದು ಎಂ.ಬಿ.ಬಿ.ಎಸ್. ಓದುವಾಗ.

ಈಗ ಏನು ಮಾಡಬೇಕು? ಮೊದಲ ಒಂದೆರಡು ದಿನ ಮನೆಯಲ್ಲಿ ಆರಾಮಾಗಿ ಇರಬೇಕು, ಫೋನು ಟಿ.ವಿ. ಆದಷ್ಟು ದೂರ ಇಡಬೇಕು. ನಿಮಗೆ ಆ ಹಂತ ದಾಟಿದೆ. ಇನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಬೇಡಿ. ವಾರಗಟ್ಟಲೆ ಮಲಗಿಸುವುದು ಹಳೇ ಪದ್ಧತಿ, ಅದರಿಂದ ಚೇತರಿಕೆ ನಿಧಾನ ಆಗುತ್ತದೆ ಅಂತ ಈಗ ಗೊತ್ತಾಗಿದೆ. ಬೆಳಿಗ್ಗೆ ಸಂಜೆ ಹದಿನೈದಿಪ್ಪತ್ತು ನಿಮಿಷ ನಡೆಯಲಿ. ತಲೆನೋವು ಚೂರು ಜಾಸ್ತಿಯಾಗಿ ಆಮೇಲೆ ಇಳಿದರೆ ಪರವಾಗಿಲ್ಲ. ತುಂಬಾ ಏರಿದರೆ ನಿಲ್ಲಿಸಿ, ಮಾರನೇ ದಿನ ಕಮ್ಮಿ ಮಾಡಿ. ಹೊತ್ತಿಗೆ ಸರಿಯಾಗಿ ಮಲಗಲಿ. ಓದನ್ನು ತುಂಡು ತುಂಡು ಮಾಡಿ: ಇಪ್ಪತ್ತು ನಿಮಿಷ ಓದು, ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುವುದು. ಶಾಲೆಗೆ ಮೊದಲು ಅರ್ಧ ದಿನ ಕಳಿಸಿ. ಕಿಟಕಿ ಬೆಳಕಿನಿಂದ ದೂರ ಕೂರಿಸಲು ಹೇಳಿ. ಪರೀಕ್ಷೆ ಇದ್ದರೆ ಸ್ವಲ್ಪ ಜಾಸ್ತಿ ಸಮಯ ಕೇಳಿ. ವೈದ್ಯರಿಂದ ಒಂದು ಚೀಟಿ ಬರೆಸಿಕೊಂಡು ಹೋದರೆ ಶಾಲೆಯವರು ಸಾಮಾನ್ಯವಾಗಿ ಒಪ್ಪುತ್ತಾರೆ.

ತಲೆನೋವಿಗೆ ಪ್ಯಾರಸಿಟಮಾಲ್ ಸಾಕು, ಅದೂ ದಿನಾ ಅಲ್ಲ. ವಾರದಲ್ಲಿ ಎರಡು ಮೂರು ದಿನಕ್ಕಿಂತ ಜಾಸ್ತಿ ನೋವಿನ ಮಾತ್ರೆ ನುಂಗುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಶುರುವಾಗುತ್ತದೆ. ಕನ್‌ಕಷನ್‌ಗೇ ಅಂತ ಬೇರೆ ಔಷಧ ಇಲ್ಲ. ಮೆಡಿಕಲ್ ಶಾಪಿನಲ್ಲಿ ಯಾರಾದರೂ ನೆನಪಿನ ಶಕ್ತಿಗೆ ಟಾನಿಕ್ ಕೊಟ್ಟರೆ ಆ ದುಡ್ಡಿನಲ್ಲಿ ಹುಡುಗನಿಗೆ ಹಣ್ಣು ತಂದುಕೊಡಿ.

ಆಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಮರಳಬೇಕು. ನಡಿಗೆ, ಆಮೇಲೆ ನಿಧಾನದ ಓಟ, ಆಮೇಲೆ ಯಾರನ್ನೂ ಮುಟ್ಟದ ಅಭ್ಯಾಸ, ಅಂದರೆ ಕಾಲ್ಚಳಕ, ಒಬ್ಬನೇ ಮಾಡುವ ರೈಡಿನ ಓಟ. ಒಂದೊಂದು ಮೆಟ್ಟಿಲಿಗೆ ಕಡೇ ಪಕ್ಷ ಒಂದು ದಿನ. ಹಿಡಿಯುವ, ಬೀಳುವ ಅಭ್ಯಾಸಕ್ಕೆ ಹೋಗುವ ಮೊದಲು ತಲೆನೋವು ಪೂರ್ತಿ ಹೋಗಿರಬೇಕು, ಓದು ಮೊದಲಿನ ಹಾಗೆ ಆಗಿರಬೇಕು, ವೈದ್ಯರು ನೋಡಿ ಹೂಂ ಅನ್ನಬೇಕು. ದೊಡ್ಡವರು ಸಾಮಾನ್ಯವಾಗಿ ಎರಡು ವಾರದಲ್ಲಿ ಸರಿಹೋಗುತ್ತಾರೆ. ಈ ವಯಸ್ಸಿನ ಮಕ್ಕಳಿಗೆ ನಾಲ್ಕು ವಾರ ಹಿಡಿಯಬಹುದು. ಹಾಗಾಗಿ ಒಂಬತ್ತನೇ ದಿನಕ್ಕೆ ತಲೆನೋವು ಇದೆ ಅಂದರೆ ಗಾಬರಿ ಬೇಡ. ನಾಲ್ಕು ವಾರ ದಾಟಿದರೆ ನರರೋಗ ತಜ್ಞರಿಗೆ ತೋರಿಸಿ.

ಇನ್ನು ತಂಗಿ ಮೇಲೆ ರೇಗುವುದು. ಅದೂ ಇದರದ್ದೇ ಭಾಗ. ಅವಳಿಗೂ ಹೇಳಿ, "ಅಣ್ಣನ ತಲೆ ಒಳಗೆ ನೋವಾಗಿದೆ, ಅವನು ಬೇಕು ಅಂತ ಬೈತಿಲ್ಲ" ಅಂತ. ಕಟ್ಟು ಇಲ್ಲ, ಹೊಲಿಗೆ ಇಲ್ಲ. ಹೇಳದಿದ್ದರೆ ಮಕ್ಕಳಿಗೆ ಹೇಗೆ ಗೊತ್ತಾಗಬೇಕು?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕ. ನಮ್ಮ ಪಂದ್ಯಗಳಿಗೆ ಡಾಕ್ಟರು ಇರಲ್ಲ. ಇರೋದು ಒಂದು ಸ್ಪ್ರೇ, ಒಂದು ಹತ್ತಿ ಕಟ್ಟು, ಟಿಂಚರ್. ಮಗು ಬಿದ್ದಾಗ ನಾನೊಬ್ಬನೇ ಹೇಗೆ ಕಂಡುಹಿಡಿಯಲಿ? ಆಡಿಸಬೇಕೋ ಬೇಡವೋ ಅನ್ನೋದು ಒಂದು ನಿಮಿಷದಲ್ಲಿ ತೀರ್ಮಾನ ಆಗಬೇಕು.
— ಒಬ್ಬ ಪಿ.ಟಿ. ಮೇಷ್ಟ್ರು, ಹಿರಿಯೂರು

ಉತ್ತರ: ಮೇಷ್ಟ್ರೇ, ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ನಮಸ್ಕಾರ. ಒಂದು ನಿಮಿಷದ ತೀರ್ಮಾನ ಅಂದಿರಿ. ಹಾಗಾದರೆ ಅದನ್ನು ಈಗಲೇ, ಪಂದ್ಯ ಇಲ್ಲದ ದಿನವೇ ಮಾಡಿಟ್ಟುಬಿಡಿ: ಅನುಮಾನ ಬಂದರೆ ಆ ದಿನ ಆ ಮಗು ಮತ್ತೆ ಅಂಕಣಕ್ಕೆ ಇಳಿಯುವುದಿಲ್ಲ. ಹತ್ತು ನಿಮಿಷ ಬಿಟ್ಟು ಸರಿಯಾದ ಅಂದರೂ ಇಲ್ಲ. ಈ ಲಕ್ಷಣಗಳು ಗಂಟೆಗಟ್ಟಲೆ ತಡವಾಗಿಯೂ ಕಾಣಿಸಿಕೊಳ್ಳುತ್ತವೆ.

ಬಿದ್ದ ಮಗುವನ್ನು ತಕ್ಷಣ ಎಬ್ಬಿಸಿ ನಿಲ್ಲಿಸಬೇಡಿ. ಕತ್ತು ನೋಯುತ್ತಿದೆಯಾ, ಕೈಕಾಲು ಜೋಮು ಹಿಡಿದಿದೆಯಾ ಕೇಳಿ. ಹೌದು ಅಂದರೆ ಕತ್ತು ಅಲ್ಲಾಡದ ಹಾಗೆ ಹಾಗೇ ಮಲಗಿಸಿ 108ಕ್ಕೆ ಫೋನ್ ಮಾಡಿ. ಇಲ್ಲ ಅಂದರೆ ನೆರಳಿಗೆ ಕರೆದುಕೊಂಡು ಹೋಗಿ ಮುಖ ನೋಡಿ. ಕಣ್ಣು ಖಾಲಿ ಖಾಲಿ ನೋಡುತ್ತಿದೆಯಾ? ಉತ್ತರ ತಡವಾಗಿ ಬರುತ್ತಿದೆಯಾ? ನಡೆಯುವಾಗ ತೂರಾಡುತ್ತಿದ್ದಾನಾ? ಆಮೇಲೆ ಕೇಳಿ: ಇದು ಯಾವ ಊರಿನ ಮೈದಾನ? ಈಗ ಮೊದಲ ಅರ್ಧವೋ ಎರಡನೇ ಅರ್ಧವೋ? ಕೊನೇ ಪಾಯಿಂಟ್ ಯಾರು ತಂದರು? ಇದಕ್ಕೆ ಮುಂಚೆ ಯಾರ ಜೊತೆ ಆಡಿದಿರಿ, ಗೆದ್ದಿರಾ? ನಿನ್ನ ಹೆಸರೇನು, ಅಪ್ಪನ ಹೆಸರೇನು ಅಂತ ಕೇಳಿ ಬಿಟ್ಟುಬಿಡಬೇಡಿ. ಹೆಸರು ಯಾರೂ ಮರೆಯುವುದಿಲ್ಲ. ಹಾಳಾಗುವುದು ಈಗ ತಾನೇ ನಡೆದದ್ದರ ನೆನಪು. ಇನ್ನೊಂದು ಮಾತು: ಎಲ್ಲ ಉತ್ತರ ಸರಿ ಹೇಳಿದರೂ ತಲೆನೋವು, ತಲೆಸುತ್ತು, ವಾಕರಿಕೆ, ಕಣ್ಣು ಮಂಜು ಇದರಲ್ಲಿ ಒಂದಿದ್ದರೂ ಅವತ್ತಿಗೆ ಆಟ ಮುಗಿಯಿತು.

ಮಗುವನ್ನು ಒಂಟಿಯಾಗಿ ಬಿಡಬೇಡಿ. ಸೈಕಲ್ ಮೇಲೆ ಮನೆಗೆ ಕಳಿಸಬೇಡಿ. ಮನೆಯವರಿಗೆ ನೀವೇ ಫೋನ್ ಮಾಡಿ ಹೇಳಿ. ಮಗುವಿನ ಬಾಯಲ್ಲಿ ಹೇಳಿಸಿದರೆ "ಏನಿಲ್ಲಮ್ಮ, ಸ್ವಲ್ಪ ಬಿದ್ದೆ" ಅಂತಾನೆ, ಅಷ್ಟೇ.

ಯಾಕೆ ಇಷ್ಟು ಕಟ್ಟುನಿಟ್ಟು ಅಂತ ಕೇಳಬಹುದು. ಎರಡು ಕಾರಣ. ಒಂದು, ಮೊದಲ ಪೆಟ್ಟು ಮಾಯುವ ಮುಂಚೆ ಇನ್ನೊಂದು ಪೆಟ್ಟು ಬಿದ್ದರೆ ಹದಿಹರೆಯದವರಲ್ಲಿ ಮಿದುಳು ಥಟ್ಟನೆ ಊದಿಕೊಂಡು ಪ್ರಾಣಕ್ಕೇ ಅಪಾಯ ಆಗಬಹುದು. ಅಪರೂಪ, ಆದರೆ ಆದಾಗ ಏನೂ ಮಾಡಲು ಸಮಯ ಇರುವುದಿಲ್ಲ. ಎರಡು, ಎದ್ದು ನಡೆದ ಅನ್ನುವುದು ಏನನ್ನೂ ಖಾತ್ರಿ ಮಾಡುವುದಿಲ್ಲ. 1998ರ ಫೆಬ್ರುವರಿಯಲ್ಲಿ ಢಾಕಾದ ಲೀಗ್ ಪಂದ್ಯದಲ್ಲಿ ನಮ್ಮ ಕ್ರಿಕೆಟಿಗ ರಮಣ್ ಲಾಂಬಾ ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ, ಅಂದರೆ ಬ್ಯಾಟ್ಸ್‌ಮನ್‌ಗೆ ತೀರಾ ಹತ್ತಿರ, ನಿಂತಿದ್ದರು. ಚೆಂಡು ತಲೆಗೆ ಬಡಿಯಿತು. ಎದ್ದರು, ನಡೆದೇ ಡ್ರೆಸ್ಸಿಂಗ್ ರೂಮಿಗೆ ಹೋದರು. ಆಮೇಲೆ ಪ್ರಜ್ಞೆ ಹೋಯಿತು, ಮೂರು ದಿನಕ್ಕೆ ತೀರಿಕೊಂಡರು. ಹೊಡೆತ ಬಿದ್ದು ಸ್ವಲ್ಪ ಹೊತ್ತು ಚೆನ್ನಾಗಿದ್ದು ಆಮೇಲೆ ಕುಸಿಯುವುದನ್ನು ನಾನು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೂ ನೋಡಿದ್ದೇನೆ. ತೆಂಗಿನ ಮರದಿಂದ ಬಿದ್ದ ಒಬ್ಬರು ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಾ ನನ್ನ ಜೊತೆ ಮಾತಾಡಿದರು. ಮುಕ್ಕಾಲು ಗಂಟೆಗೆ ಮಾತು ತೊದಲಿತು, ಒಂದು ಕಣ್ಣಿನ ಪಾಪೆ ದೊಡ್ಡದಾಯಿತು. ಆಂಬುಲೆನ್ಸ್ ಅಲ್ಲೇ ನಿಂತಿತ್ತು, ಹಾಗಾಗಿ ಉಳಿದರು.

ಹುಡುಗರಿಗೆ ಹೇಳುವಾಗ ಕ್ರಿಕೆಟ್ ಉದಾಹರಣೆ ಕೊಡಿ, ಕೇಳುತ್ತಾರೆ. 2019ರ ಆಗಸ್ಟ್‌ನಿಂದ ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಕನ್‌ಕಷನ್ ಆದವನ ಬದಲು ಇನ್ನೊಬ್ಬ ಆಡಬಹುದು ಅನ್ನುವ ನಿಯಮ ಇದೆ. 2020ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದ ಟಿ20ಯಲ್ಲಿ ಸ್ಟಾರ್ಕ್ ಚೆಂಡು ಜಡೇಜಾ ಹೆಲ್ಮೆಟ್‌ಗೆ ಬಡಿದಾಗ ಚಹಲ್ ಬಂದು ಮೂರು ವಿಕೆಟ್ ತೆಗೆದರು. ನಮ್ಮ ಮಯಂಕ್ ಅಗರ್‌ವಾಲ್ 2021ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ನೆಟ್ಸ್‌ನಲ್ಲಿ ಆಡುವಾಗ ಸಿರಾಜ್ ಚೆಂಡು ತಲೆಗೆ ಬಿತ್ತು. ಹೆಲ್ಮೆಟ್ ಇತ್ತು, ಆದರೂ ಕನ್‌ಕಷನ್ ಆಯಿತು. ಮೊದಲ ಟೆಸ್ಟ್‌ಗೆ ಅವರನ್ನು ಆಡಿಸಲಿಲ್ಲ. ಆ ಜಾಗದಲ್ಲಿ ಇಳಿದ ಕೆ.ಎಲ್. ರಾಹುಲ್ 84 ಹೊಡೆದರು. ದೇಶದ ತಂಡವೇ ತನ್ನ ಓಪನರ್‌ನನ್ನು ಕೂರಿಸುತ್ತದೆ ಅಂದಮೇಲೆ ನಮ್ಮ ತಾಲ್ಲೂಕು ತಂಡ ಒಬ್ಬ ಕಾರ್ನರ್‌ನನ್ನು ಕೂರಿಸಲಾರದಾ?

ತಡೆಯುವುದು ಹೇಗೆ ಅಂತಲೂ ಹೇಳಿಬಿಡುತ್ತೇನೆ. ಮಣ್ಣಿನ ಅಂಕಣವಾದರೆ ಬೆಳಿಗ್ಗೆ ಕಲ್ಲು ಹೆಕ್ಕಿಸಿ, ಗಟ್ಟಿ ನೆಲ ಅಗೆಸಿ ಸಡಿಲ ಮಾಡಿಸಿ. ಖೋ ಖೋ ಕಂಬದ ಸುತ್ತ ಮೊಳೆ, ಒಡೆದ ಅಂಚು ಇರದ ಹಾಗೆ ನೋಡಿಕೊಳ್ಳಿ. ಕಾಲು ಹಿಡಿಯುವಾಗ ತಲೆ ರೈಡರ್‌ನ ಮಂಡಿಗೆ ನೇರ ಹೋಗದೆ ಪಕ್ಕಕ್ಕೆ ಇರುವುದನ್ನು ದಿನಾ ನಿಧಾನವಾಗಿ ಕಲಿಸಿ. ಎಲ್ಲಕ್ಕಿಂತ ಮುಖ್ಯ, "ಪೆಟ್ಟಾಯ್ತು ಸಾರ್" ಅಂತ ಬಂದ ಹುಡುಗನನ್ನು ಹೆದರುಪುಕ್ಕಲ ಅಂತ ತಂಡದ ಎದುರು ಕರೆಯಬೇಡಿ. ಒಬ್ಬನನ್ನು ಹಾಗೆ ಕರೆದರೆ ಮುಂದೆ ಹತ್ತು ಜನ ಬಾಯಿ ಬಿಡುವುದಿಲ್ಲ.

ಪ್ರಶ್ನೆ: ತಲೆಗೆ ಪೆಟ್ಟು ಬಿದ್ದ ರಾತ್ರಿ ಮಲಗಲು ಬಿಡಬಾರದು ಅಂತ ನಮ್ಮ ಅತ್ತೆ ಬೆಳಗಿನ ಜಾವದವರೆಗೂ ಮಗಳನ್ನು ಎಚ್ಚರ ಇಟ್ಟರು. ಇದು ನಿಜವಾ?
— ಗೃಹಿಣಿ, ಗದಗ

ಉತ್ತರ: ಅತ್ತೆಯವರ ಕಾಳಜಿ ದೊಡ್ಡದು. ಆದರೆ ನಿದ್ದೆ ಬೇಕು, ಮಿದುಳಿಗೆ ಅದೇ ಔಷಧ. ಈ ನಂಬಿಕೆ ಬಂದಿರುವುದು, ರಕ್ತಸ್ರಾವ ಆದವರು ಮಂಪರಿಗೆ ಜಾರುತ್ತಾರೆ, ಅದನ್ನು ನಿದ್ದೆ ಅಂದುಕೊಂಡುಬಿಡುತ್ತೇವೆ ಅನ್ನುವ ಭಯದಿಂದ. ಭಯ ಸುಳ್ಳಲ್ಲ. ಅದಕ್ಕೇ ಮೊದಲ ಕೆಲವು ಗಂಟೆ ಎಚ್ಚರದಲ್ಲೇ ಗಮನಿಸಿ, ವೈದ್ಯರಿಗೆ ತೋರಿಸಿ, ಅವರು ಮನೆಗೆ ಕಳಿಸಿದ ಮೇಲೆ ಮಲಗಿಸಿ. ಆ ರಾತ್ರಿ ಮಗು ಒಂಟಿಯಾಗಿ ಮಲಗುವುದು ಬೇಡ. ಎಷ್ಟು ಹೊತ್ತಿಗೊಮ್ಮೆ ನೋಡಬೇಕು ಅಂತ ವೈದ್ಯರು ಹೇಳಿದ್ದರೆ ಹಾಗೇ ಮಾಡಿ.

ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕಾದ್ದು ಯಾವಾಗ ಅಂದರೆ: ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಫಿಟ್ಸ್, ತೊದಲು ಮಾತು, ಒಂದು ಕೈ ಅಥವಾ ಕಾಲಿನಲ್ಲಿ ಶಕ್ತಿ ಇಲ್ಲದಿರುವುದು, ಕಣ್ಣಿನ ಪಾಪೆ ಒಂದು ದೊಡ್ಡದು ಒಂದು ಚಿಕ್ಕದು, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರು, ಕಿವಿಯ ಹಿಂದೆ ಅಥವಾ ಎರಡೂ ಕಣ್ಣಿನ ಸುತ್ತ ಕಪ್ಪು ನೀಲಿ. ಇವುಗಳಲ್ಲಿ ಒಂದು ಕಂಡರೂ ಸಾಕು, ಎರಡನೆಯದಕ್ಕೆ ಕಾಯಬೇಡಿ. ರಕ್ತ ಸೋರಿಲ್ಲ ಅಂತ ಖಾತ್ರಿ ಆಗುವ ತನಕ, ಮೊದಲ ಎರಡು ದಿನವಂತೂ ಆಸ್ಪಿರಿನ್, ಬ್ರೂಫೆನ್, ಡೈಕ್ಲೋಫೆನಾಕ್ ಮುಟ್ಟಬೇಡಿ.

ಪ್ರಶ್ನೆ: ನಮ್ಮ ಹತ್ತು ತಿಂಗಳ ಪಾಪು ಮಂಚದಿಂದ ಬಿದ್ದಿತು. ತಕ್ಷಣ ಅತ್ತಿತು. ಹಣೆ ಊದಿದೆ. ಹಾಲು ಕುಡಿಯುತ್ತಿದೆ, ಆಡುತ್ತಿದೆ. ಸ್ಕ್ಯಾನ್ ಬೇಕಾ?
— ಹೊಸ ತಾಯಿ, ಮಂಡ್ಯ

ಉತ್ತರ: ತಕ್ಷಣ ಅತ್ತಿದ್ದು, ಹಾಲು ಕುಡಿಯುತ್ತಿರುವುದು, ಆಡುತ್ತಿರುವುದು ಮೂರೂ ಒಳ್ಳೆಯ ಲಕ್ಷಣ. ಹಣೆಯ ಊತ ಈ ವಯಸ್ಸಿನಲ್ಲಿ ನೋಡಲು ದೊಡ್ಡದಾಗಿದ್ದರೂ ಸಾಮಾನ್ಯವಾಗಿ ಅಪಾಯ ಕಮ್ಮಿ. ತಲೆಯ ಪಕ್ಕದಲ್ಲಿ, ಹಿಂಭಾಗದಲ್ಲಿ ಮೆತ್ತಗಿನ ಊತ ಬಂದರೆ ನನಗೆ ಚಿಂತೆ ಜಾಸ್ತಿ. ಇವತ್ತೇ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ. ಸ್ಕ್ಯಾನ್ ಅಂದರೆ ವಿಕಿರಣ, ಬೇಕಿಲ್ಲದೆ ಮಾಡಿಸಬಾರದು. ಎಷ್ಟೋ ಸಲ ಬಿದ್ದ ಹೊತ್ತಿನಿಂದ ನಾಲ್ಕಾರು ಗಂಟೆ ಆಸ್ಪತ್ರೆಯಲ್ಲಿ ಗಮನಿಸಿದರೆ ಸಾಕಾಗುತ್ತದೆ. ಮಗು ಸಮಾಧಾನವೇ ಆಗದೆ ಅಳುತ್ತಿದ್ದರೆ, ಹಾಲು ಬಿಟ್ಟರೆ, ಮಂಕಾದರೆ, ಮೇಲೆ ಹೇಳಿದ ಯಾವ ಲಕ್ಷಣ ಕಂಡರೂ ತಡಮಾಡಬೇಡಿ. ಮೂರು ತಿಂಗಳೊಳಗಿನ ಕೂಸು ಬಿದ್ದರೆ ಹೇಗೇ ಇರಲಿ, ತೋರಿಸಲೇಬೇಕು. ಊತಕ್ಕೆ ತಣ್ಣೀರ ಬಟ್ಟೆ ಸಾಕು, ಎಣ್ಣೆ ಹಚ್ಚಿ ಒತ್ತಿ ಉಜ್ಜಬೇಡಿ. ಇನ್ನು ಮುಂದೆ ನೆಲದ ಮೇಲೆ ಚಾಪೆ ಹಾಸಿ ಮಲಗಿಸಿ, ನಮ್ಮ ಅಜ್ಜಿಯರು ಮಾಡುತ್ತಿದ್ದ ಹಾಗೆ.

ಪ್ರಶ್ನೆ: ಯಜಮಾನರ ಸ್ಕೂಟರ್ ಹಿಂದೆ ಒಂದು ಬದಿಗೆ ಕೂತು ಹೋಗುವಾಗ ಹಂಪ್ ಹಾರಿ ಬಿದ್ದೆ. ಟೋಪಿ ಥರದ ಸಣ್ಣ ಹೆಲ್ಮೆಟ್ ಇತ್ತು, ಬಿದ್ದಾಗ ಹಾರಿಹೋಯಿತು. ಎರಡು ವಾರ ತಲೆ ಸುತ್ತಿ ಈಗ ಸರಿಯಾಗಿದ್ದೇನೆ. ಎಂಥ ಹೆಲ್ಮೆಟ್ ತಗೊಳ್ಳಬೇಕು?
— ಅಂಗನವಾಡಿ ಕಾರ್ಯಕರ್ತೆ, ಶಿವಮೊಗ್ಗ ಜಿಲ್ಲೆ

ಉತ್ತರ: ಸರಿಯಾದಿರಲ್ಲ, ಸಂತೋಷ. ಆ ಟೋಪಿಯನ್ನು ಬಿಸಾಡಿ. ಅದು ಪೊಲೀಸರಿಗೆ ತೋರಿಸೋಕೆ ಅಷ್ಟೇ. ಕಿವಿ, ತಲೆಯ ಹಿಂಭಾಗ, ಆಗುವುದಾದರೆ ಗಲ್ಲ ಕೂಡ ಮುಚ್ಚುವಂಥದ್ದು, ಐ.ಎಸ್.ಐ. ಗುರುತು ಇರುವಂಥದ್ದು ತಗೊಳ್ಳಿ. ಅಂಗಡಿಯಲ್ಲೇ ಹಾಕಿಕೊಂಡು ಪಟ್ಟಿ ಬಿಗಿದು ತಲೆ ಅಲ್ಲಾಡಿಸಿ. ಹೆಲ್ಮೆಟ್ ಬೇರೆಯಾಗಿ ತಿರುಗಿದರೆ ನಿಮ್ಮ ಅಳತೆ ಅಲ್ಲ. ಪಟ್ಟಿ ಮತ್ತು ಗದ್ದದ ನಡುವೆ ಒಂದೆರಡು ಬೆರಳು ಮಾತ್ರ ಹಿಡಿಸಬೇಕು. ಒಳಗಿನ ಥರ್ಮಾಕೋಲ್ ಪದರವೇ ಹೊಡೆತ ನುಂಗುವುದು. ಒಮ್ಮೆ ಜೋರಾಗಿ ಬಿದ್ದರೆ ಅದು ಅಪ್ಪಚ್ಚಿ ಆಗಿರುತ್ತದೆ. ಮೇಲಿನಿಂದ ಚೆನ್ನಾಗಿ ಕಂಡರೂ ಬದಲಾಯಿಸಬೇಕು.

ಒಂದು ವಿಷಯ ಮುಚ್ಚಿಡುವುದಿಲ್ಲ. ಹೆಲ್ಮೆಟ್ ತಲೆಬುರುಡೆ ಒಡೆಯುವುದನ್ನು, ದೊಡ್ಡ ರಕ್ತಸ್ರಾವವನ್ನು ಚೆನ್ನಾಗಿ ತಡೆಯುತ್ತದೆ. ಒಳಗೆ ಮಿದುಳು ಅಲುಗಾಡುವುದನ್ನು ಪೂರ್ತಿ ತಡೆಯಲಾರದು. ಹಾಗಾಗಿ ಹೆಲ್ಮೆಟ್ ಇದ್ದೂ ಬಿದ್ದವರು "ನನಗೇನಾಗಿರುತ್ತೆ" ಅಂತ ಸುಮ್ಮನಾಗಬಾರದು. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಅಂತ ನಮ್ಮ ರಾಜ್ಯದಲ್ಲಿ 2016ರಿಂದ ಜಾರಿ ಮಾಡುತ್ತಿದ್ದಾರೆ. ನಾಲ್ಕು ವರ್ಷ ದಾಟಿದ ಮಗುವಿಗೂ ಕಾನೂನಿನಲ್ಲಿ ಬೇಕು. ಅದಕ್ಕಿಂತ ಚಿಕ್ಕವರಿಗೆ ಹೆಲ್ಮೆಟ್ ಜೊತೆ ಸವಾರರಿಗೆ ಕಟ್ಟುವ ಬೆಲ್ಟು, ವೇಗ 40 ಕಿ.ಮೀ. ಒಳಗೆ ಅಂತ ನಿಯಮ ಬಂದಿದೆ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಗೆಳೆಯರ ಬೈಕಿನ ಹಿಂದೆ ಕೂತು ಹೋಗುವಾಗಲೇ ಬಿದ್ದು, ತಲೆಗೆ ಪೆಟ್ಟಾಗಿ ನಮ್ಮನ್ನು ಅಗಲಿದ್ದು. ಆ ಸುದ್ದಿ ಕೇಳಿದ ಸಂಜೆ ನಾನು ನಮ್ಮ ಮನೆಯ ಎರಡನೇ ಹೆಲ್ಮೆಟ್ ಕೊಂಡೆ. ಸೀರೆ ಉಟ್ಟಾಗಲೂ ಆದಷ್ಟು ಎರಡೂ ಕಡೆ ಕಾಲು ಹಾಕಿ ಕೂರಿ. ಕಷ್ಟ ಅಂತ ಗೊತ್ತು. ಒಂದು ಬದಿ ಕೂರಲೇಬೇಕಾದರೆ ಹಿಡಿಕೆ ಬಿಡಬೇಡಿ, ಯಜಮಾನರಿಗೆ ಹಂಪ್ ಹತ್ತಿರ ನಿಧಾನ ಮಾಡಲು ಹೇಳಿ.

ಪ್ರಶ್ನೆ: ಅಪ್ಪನಿಗೆ 72. ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಾರೆ. ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ತಲೆ ಗೋಡೆಗೆ ತಾಗಿತ್ತು. ಆಗ ಏನೂ ಆಗಲಿಲ್ಲ. ಈಗ ಒಂದು ವಾರದಿಂದ ಎಡಗಾಲು ಎಳೆದು ನಡೀತಾರೆ, ಮಾತು ಮರೀತಾರೆ. ವಯಸ್ಸಾಯ್ತಲ್ಲ ಅಂತ ಸುಮ್ಮನಿದ್ದೇವೆ.
— ಮಗಳು, ಬೆಂಗಳೂರು

ಉತ್ತರ: ಇದನ್ನು ಓದುತ್ತಿದ್ದ ಹಾಗೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಮ್ಮ. ಪತ್ರಿಕೆ ಬರುವ ತನಕ ಕಾಯಬಾರದು ಅಂತ ನಾನು ಸಂಪಾದಕರ ಮೂಲಕ ನಿಮಗೆ ಫೋನಿನಲ್ಲೂ ಹೇಳಿಸಿದ್ದೇನೆ. ಬೇರೆ ಮನೆಗಳಲ್ಲೂ ಹೀಗೇ ಇರಬಹುದು ಅಂತ ಇಲ್ಲಿ ಹಾಕಿದ್ದೇನೆ. ವಯಸ್ಸಾದ ಮೇಲೆ ಮಿದುಳು ಸ್ವಲ್ಪ ಕುಗ್ಗುತ್ತದೆ, ಅದರ ಮೇಲಿನ ಸಣ್ಣ ರಕ್ತನಾಳಗಳು ಎಳೆದುಕೊಂಡಿರುತ್ತವೆ. ಚಿಕ್ಕ ಪೆಟ್ಟಿಗೂ ಹರಿದು ರಕ್ತ ಹನಿಹನಿಯಾಗಿ ವಾರಗಟ್ಟಲೆ ಸೇರಬಹುದು. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಇನ್ನೂ ಜಾಸ್ತಿ. ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ. ಬೇಕಾದರೆ ಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ತೆಗೆಯುತ್ತಾರೆ, ಎಷ್ಟೋ ಜನ ಮತ್ತೆ ಮೊದಲಿನಂತೆ ನಡೆದು ಮನೆಗೆ ಬಂದಿದ್ದಾರೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ಚೀಟಿ ತೋರಿಸಿ. ಇಂಥ ಮಾತ್ರೆ ತಗೊಳ್ಳುವ ಯಾರೇ ತಲೆ ತಾಗಿಸಿಕೊಂಡರೂ ಅದೇ ದಿನ ತೋರಿಸಬೇಕು. ಬಚ್ಚಲಿಗೆ ಹಿಡಿಕೆ, ಒರಟು ಮ್ಯಾಟ್, ರಾತ್ರಿ ಒಂದು ಸಣ್ಣ ದೀಪ ಹಾಕಿಸಿ.

ಪ್ರಶ್ನೆ: ಮೇಡಂ, ನಾನು ಎಂಟನೇ ಕ್ಲಾಸ್. ಖೋ ಖೋ ಆಡ್ತೀನಿ. ಶನಿವಾರ ಡೈವ್ ಹೊಡೆದಾಗ ತಲೆ ಕಂಬಕ್ಕೆ ತಾಗಿತು. ಯಾರಿಗೂ ಹೇಳಿಲ್ಲ. ಹೇಳಿದ್ರೆ ಟೀಮಿಂದ ತೆಗೀತಾರೆ. ಈಗ ಬಸ್ಸಲ್ಲಿ ಕೂತ್ರೆ ತಲೆ ತಿರುಗುತ್ತೆ, ಗಲಾಟೆ ಕೇಳಿದ್ರೆ ಅಳು ಬರುತ್ತೆ. ಸರಿ ಹೋಗುತ್ತಾ?
— ಹೆಸರು ಬೇಡ

ಉತ್ತರ: ಸರಿ ಹೋಗುತ್ತೆ ಪುಟ್ಟಾ. ಅಳು ಬರುವುದೂ ಆ ಪೆಟ್ಟಿನಿಂದಲೇ, ನಿನಗೆ ಬೇರೆ ಏನೂ ಆಗಿಲ್ಲ. ಆದರೆ ಇವತ್ತು ಅಭ್ಯಾಸಕ್ಕೆ ಹೋಗಬೇಡ. ನಾನೂ ನಿನ್ನ ಹಾಗೇ ಕಂಬಕ್ಕೆ ತಲೆ ಹೊಡೆಸಿಕೊಂಡವಳು, ನಾನೂ ಇದೇ ಭಯಕ್ಕೆ ಮನೆಯಲ್ಲಿ ಹೇಳಿರಲಿಲ್ಲ. ಮೂರು ವಾರ ಒಬ್ಬಳೇ ಹೆದರಿಕೊಂಡು ಕೂತಿದ್ದೆ. ಹೇಳಿದರೆ ಒಂದೆರಡು ಪಂದ್ಯ ತಪ್ಪಬಹುದು. ಈಗ ಮತ್ತೆ ಪೆಟ್ಟಾದರೆ ಇಡೀ ವರ್ಷ ತಪ್ಪುತ್ತದೆ. ಇವತ್ತು ಸಂಜೆಯೇ ಅಮ್ಮನಿಗೆ ಹೇಳು, ನಾಳೆ ಇಬ್ಬರೂ ಡಾಕ್ಟರ ಹತ್ತಿರ ಹೋಗಿ. ಆಮೇಲೆ ಅಮ್ಮನೇ ನಿನ್ನ ಮೇಡಂ ಜೊತೆ ಮಾತಾಡಲಿ. ಹೇಗೆ ಶುರು ಮಾಡಬೇಕು ಅಂತ ಗೊತ್ತಾಗದಿದ್ದರೆ, ಈ ಪುಟ ತೆಗೆದು ಅಮ್ಮನ ಕೈಗೆ ಕೊಡು.